ಹಸು ಗೊಡ್ಡಾಗುವುದು ಯಾಕೆ? ಮೇವಿನ ಸಂಶೋಧನೆಯ ಒಂದು ಇತಿಹಾಸ

ಬೀಫ್ ದನಗಳ ಬಗ್ಗೆ ಬರೀತೀನಿ ಅಂದ ಕೂಡಲೇ ನಿಮ್ಮ ಮನಸ್ಸು ಎಲ್ಲಿಗೆ ಓಡುತ್ತದೆ ಅಂತ ನನಗೆ ಗೊತ್ತು. ನನ್ನ ಮನಸ್ಸೂ ಅಲ್ಲಿಗೇ ಓಡುತ್ತದೆ. ಟಿವಿ, ವಾಟ್ಸಾಪ್ ನಮ್ಮನ್ನು ಹಾಗೆ ಪಳಗಿಸಿಬಿಟ್ಟಿವೆ. ಆದರೆ ಈ ಲೇಖನದಲ್ಲಿ ಆ ಜಗಳ ಇಲ್ಲ. ದನವನ್ನು ತಿನ್ನಬೇಕೋ ಬಿಡಬೇಕೋ ಅನ್ನುವ ಮಾತಿಗಿಂತ ಬಹಳ ಮೊದಲು ಬರುವ ಒಂದು ಪ್ರಶ್ನೆ ಇದೆ. ಕರು ಹುಟ್ಟದೇ ಹೋಗುವುದು ಯಾಕೆ? ಹುಟ್ಟಿದ್ದು ಸಾಯುವುದು ಯಾಕೆ? ಈ ಪ್ರಶ್ನೆಯ ಹಿಂದೆ ಬಿದ್ದು ಅಮೆರಿಕದ ಮೂರು ಜಾಗಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಪ್ರಯೋಗಗಳ ಕಥೆಯನ್ನು ಇಲ್ಲಿ ಹೇಳುತ್ತೇನೆ. ಕೊನೆಗೆ ಅದು ಹೈದರಾಬಾದಿಗೂ ಬರುತ್ತದೆ, ನಮ್ಮ ಮಕ್ಕಳ ಬಾಯಿಗೂ ಬರುತ್ತದೆ.

ಮೊದಲು ಎರಡು ಪದ. ಗಬ್ಬ ನಿಲ್ಲದ ಹಸುವಿಗೆ ಕನ್ನಡದಲ್ಲಿ ಗೊಡ್ಡು ಅಂತಾರೆ. ಉರ್ದುವಿನಲ್ಲಿ ಬಾಂಝ್. ಈ ಎರಡೂ ಭಾಷೆಗಳನ್ನು ದಿನಾ ಕಲಿಸುವ ನನಗೆ ಈ ಎರಡೂ ಪದಗಳು ಒಂದೇ ಕಾರಣಕ್ಕೆ ಚುಚ್ಚುತ್ತವೆ. ಎರಡನ್ನೂ ಹಸುವಿಗೂ ಹೇಳ್ತಾರೆ, ಹೆಂಗಸಿಗೂ ಹೇಳ್ತಾರೆ. ಹೇಳುವ ಹೊತ್ತಿಗೆ ತೀರ್ಪು ಆಗಿಹೋಗಿರುತ್ತದೆ, ತಪ್ಪು ಆ ಜೀವದ್ದೇ ಅಂತ. ಅದಕ್ಕೆ ತಿನ್ನಲು ಏನು ಹಾಕಿದ್ದೀರಿ ಅಂತ ಕೇಳಿದವರು ಕಡಿಮೆ. ಹಾಗೆ ಕೇಳಿದ ಕೆಲವರ ಇತಿಹಾಸ ಇದು.

19ನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪು, ಅಮೆರಿಕಗಳಲ್ಲಿ ದನದ ಮೇವು ಅಂದರೆ ಲೆಕ್ಕದ ವಿಷಯವಾಗಿತ್ತು. ಜರ್ಮನಿಯ ಎಮಿಲ್ ವಾನ್ ವೋಲ್ಫ್ 1864ರಲ್ಲಿ ಒಂದು ಕೋಷ್ಟಕ ಕೊಟ್ಟರು. ಇಷ್ಟು ತೂಕದ ದನಕ್ಕೆ ಇಷ್ಟು ಪ್ರೋಟೀನು, ಇಷ್ಟು ಪಿಷ್ಟ, ಇಷ್ಟು ಕೊಬ್ಬು. ಅಷ್ಟು ಸಿಕ್ಕರೆ ಸಾಕು, ಅದು ಗೋದಿಯಿಂದ ಬಂತೋ ಜೋಳದಿಂದ ಬಂತೋ ಮುಖ್ಯವಲ್ಲ ಅನ್ನುವುದು ಇದರ ಹಿಂದಿನ ನಂಬಿಕೆ. ಅಮೆರಿಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಕಾಲೇಜಿನ ಡೀನ್ ಡಬ್ಲ್ಯು. ಎ. ಹೆನ್ರಿ 1898ರಲ್ಲಿ ಬರೆದ ಮೇವಿನ ಪುಸ್ತಕ ರೈತರಿಗೂ ವಿದ್ಯಾರ್ಥಿಗಳಿಗೂ ಇದೇ ಲೆಕ್ಕ ಕಲಿಸಿತು. ಸಮತೋಲನ ಆಹಾರ ಅನ್ನುವ ಮಾತು ಆಗ ವೇದವಾಕ್ಯದಂತೆ ಓಡಾಡುತ್ತಿತ್ತು.

ಅದೇ ಕಾಲೇಜಿನಲ್ಲಿ ಒಬ್ಬರು ಇದನ್ನು ನಂಬುತ್ತಿರಲಿಲ್ಲ. ಹೆಸರು ಸ್ಟೀಫನ್ ಬಾಬ್‌ಕಾಕ್. ಹಾಲಿನ ಕೊಬ್ಬು ಅಳೆಯುವ ಬಾಬ್‌ಕಾಕ್ ಪರೀಕ್ಷೆ ಇವರದೇ. 1890ರಲ್ಲಿ ಕಂಡುಹಿಡಿದು, ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಲಿಗೆ ನೀರು ಬೆರೆಸಿ ಮಾರುವವರ ಆಟ ಅದರಿಂದ ನಿಂತಿತು. ಜರ್ಮನಿಯಲ್ಲೇ ಓದಿ ಬಂದ ರಸಾಯನಶಾಸ್ತ್ರಜ್ಞರು ಅವರು, ಆದರೆ ಜರ್ಮನಿಯ ಕೋಷ್ಟಕವೆಂದರೆ ಅವರಿಗೆ ನಗು. ಕಲ್ಲಿದ್ದಲನ್ನು ವಿಶ್ಲೇಷಿಸಿದರೂ ಕಾಗದದ ಮೇಲೆ ಚೆಂದದ ಅಂಕಿ ಬರುತ್ತದೆ, ಹಾಗಂತ ಪುಡಿ ಮಾಡಿ ಹಂದಿಗೆ ಹಾಕೋಣವೇ ಅಂತ ಸಹೋದ್ಯೋಗಿಗಳನ್ನು ಕೆಣಕುತ್ತಿದ್ದರಂತೆ.

ತಮಾಷೆ ಸರಿ, ಸಾಬೀತು ಹೇಗೆ? ಬಾಬ್‌ಕಾಕ್ ಕೇಳಿದ್ದು ಸರಳವಾದದ್ದು. ಕೆಲವು ಹಸುಗಳಿಗೆ ಒಂದೇ ಬೆಳೆಯಿಂದ ಬಂದ ಮೇವು ಮಾತ್ರ ಹಾಕೋಣ, ಲೆಕ್ಕ ಮಾತ್ರ ಸಮ ಇಡೋಣ, ಏನಾಗುತ್ತದೆ ನೋಡೋಣ. ಆದರೆ ಕೊಟ್ಟಿಗೆಯ ಯಜಮಾನಿಕೆ ರಸಾಯನಶಾಸ್ತ್ರಜ್ಞರ ಕೈಲಿರಲಿಲ್ಲ, ಪಶುಪಾಲನಾ ವಿಭಾಗದ ಕೈಲಿತ್ತು. ಅದರ ಮುಖ್ಯಸ್ಥರು ಬಹಳ ಹಿಂದೆಮುಂದೆ ನೋಡಿ ಎರಡೇ ಎರಡು ಹಸು ಕೊಟ್ಟರು. ಒಂದಕ್ಕೆ ಗೋವಿನಜೋಳ, ಇನ್ನೊಂದಕ್ಕೆ ಓಟ್ಸ್. ವರ್ಷ ನಡೆಯಬೇಕಿದ್ದ ಪ್ರಯೋಗದಲ್ಲಿ ಮೂರನೇ ತಿಂಗಳಿಗೇ ಓಟ್ಸ್ ತಿಂದ ಹಸು ಸತ್ತಿತು. ಇನ್ನೊಂದಾದರೂ ಬದುಕಲಿ ಅಂತ ಪ್ರಯೋಗ ನಿಲ್ಲಿಸಿದರು. ನನಗೆ ಆ ಮುಖ್ಯಸ್ಥರ ಮೇಲೆ ಸಿಟ್ಟು ಬರುವುದಿಲ್ಲ. ಕಣ್ಣೆದುರು ಹಸು ಸಾಯುವಾಗ ವಿಜ್ಞಾನ ಅಂತ ಸುಮ್ಮನಿರುವುದು ಸಾಕಿದವರಿಗೆ ಆಗದ ಮಾತು.

ಕೊನೆಗೆ 1907ರ ಮೇ ತಿಂಗಳಲ್ಲಿ ದೊಡ್ಡ ಪ್ರಯೋಗ ಶುರುವಾಯಿತು. ಅಷ್ಟರಲ್ಲಿ ಬಾಬ್‌ಕಾಕ್ ಅವರಿಗೆ ಅರವತ್ತು ದಾಟಿತ್ತು. ಕೆಲಸ ಹೊತ್ತವರು ಎಡ್ವಿನ್ ಹಾರ್ಟ್, ಜಾರ್ಜ್ ಹಂಫ್ರಿ, ಹ್ಯಾರಿ ಸ್ಟೀನ್‌ಬಾಕ್ ಮತ್ತು ಯೇಲ್ ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದಿದ್ದ ಎಲ್ಮರ್ ಮೆಕಾಲಮ್. ಒಟ್ಟು 16 ಎಳೆ ಕಡಸುಗಳು, ಒಂದೊಂದು ಗುಂಪಿಗೆ ನಾಲ್ಕು. ಮೊದಲ ಗುಂಪಿಗೆ ಗೋವಿನಜೋಳದ ಕಾಳು, ದಂಟು, ಎಲೆ. ಎರಡನೆಯದಕ್ಕೆ ಗೋದಿ ಮತ್ತು ಗೋದಿಯ ಹುಲ್ಲು. ಮೂರನೆಯದಕ್ಕೆ ಓಟ್ಸ್ ಮತ್ತು ಅದರ ಹುಲ್ಲು. ನಾಲ್ಕನೆಯದಕ್ಕೆ ಮೂರೂ ಬೆಳೆಗಳ ಮಿಶ್ರಣ. ಪ್ರೋಟೀನು, ಶಕ್ತಿ ಎಲ್ಲವೂ ಕೋಷ್ಟಕದ ಪ್ರಕಾರ ಸಮ. ಉಪ್ಪು ಬೇಕಾದಷ್ಟು.

ನೀವು ಊಹಿಸಿ ನೋಡಿ, ಗೆಲ್ಲುವುದು ಯಾವ ಗುಂಪು? ನನ್ನ ತರಗತಿಯಲ್ಲಿ ಕೇಳಿದಾಗ ಹೆಚ್ಚಿನ ಮಕ್ಕಳು ಮಿಶ್ರಣ ಅಂದರು. ಒಬ್ಬ ಹುಡುಗ ಗೋದಿ ಅಂದ, ನಾವು ಚಪಾತಿ ತಿನ್ನುತ್ತೀವಲ್ಲ ಸರಿ ಅನ್ನುವ ಧೈರ್ಯದಲ್ಲಿ. ಗೆದ್ದದ್ದು ಗೋವಿನಜೋಳ. ಉತ್ತರ ಕರ್ನಾಟಕದವರು ಆ ಕಾಳಿಗೆ ಹಸುವಿನ ಹೆಸರನ್ನೇ ಯಾಕೆ ಇಟ್ಟರೋ, ಈ ಪ್ರಯೋಗ ಓದಿದ ಮೇಲೆ ಆ ಹೆಸರು ನನಗೆ ಇನ್ನೂ ಇಷ್ಟವಾಗಿದೆ.

ಮೊದಲ ವರ್ಷ ತೂಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತಕ್ಕಡಿಗೆ ಎಲ್ಲ ಗುಂಪುಗಳೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಮಾತ್ರ ಬೇರೆ ಬೇರೆ. ಗೋವಿನಜೋಳದವು ಮೈ ಹೊಳೆಯುತ್ತ, ಎದೆ ತುಂಬಿಕೊಂಡು ನಿಂತಿದ್ದವು. ಗೋದಿಯವು ಕೂದಲು ಒರಟಾಗಿ, ಮೈ ಸೊರಗಿ ನಿಂತಿದ್ದವು. ಇಷ್ಟಾದರೂ ಕೋಷ್ಟಕ ಸೋತಿತು ಅನ್ನುವ ಹಾಗಿರಲಿಲ್ಲ. ಅದು ಸೋತದ್ದು ಹಸುಗಳು ಈಯುವಾಗ.

ಗೋವಿನಜೋಳದ ಹಸುಗಳು ದಿನ ತುಂಬಿ ಕರು ಹಾಕಿದವು. ಕರುಗಳ ತೂಕ ಸುಮಾರು 33-34 ಕಿಲೋ. ಹುಟ್ಟಿದ ಸ್ವಲ್ಪ ಹೊತ್ತಿಗೆ ಎದ್ದು ನಿಂತು ಮೊಲೆ ಹುಡುಕಿದವು. ಗೋದಿಯ ಹಸುಗಳು ಮೂರು ನಾಲ್ಕು ವಾರ ಮೊದಲೇ ಈದವು. ಕರುಗಳ ಸರಾಸರಿ ತೂಕ ಸುಮಾರು 21 ಕಿಲೋ. ಹುಟ್ಟುವಾಗಲೇ ಸತ್ತಿದ್ದವು, ಇಲ್ಲವೇ ಕೆಲವೇ ಗಂಟೆಗಳಲ್ಲಿ ಸತ್ತವು. ಓಟ್ಸ್ ಗುಂಪಿನ ಕರುಗಳು ತೂಕದಲ್ಲಿ ಪರವಾಗಿಲ್ಲ ಅನ್ನುವಂತಿದ್ದರೂ ಹೆಚ್ಚಿನವು ಉಳಿಯಲಿಲ್ಲ. ಮೊದಲ ಮೂವತ್ತು ದಿನದ ಹಾಲಿನ ಲೆಕ್ಕವನ್ನೂ ಇಟ್ಟಿದ್ದಾರೆ. ಗೋವಿನಜೋಳದ ಹಸು ದಿನಕ್ಕೆ ಸುಮಾರು 11 ಕಿಲೋ ಕೊಟ್ಟರೆ ಗೋದಿಯ ಹಸು ಕೊಟ್ಟದ್ದು ನಾಲ್ಕು ಕಿಲೋಗಿಂತ ಕಡಿಮೆ.

ಇಲ್ಲಿ ಒಂದು ಅನುಮಾನ ಬರಬೇಕು, ಬರದಿದ್ದರೆ ವಿದ್ಯಾರ್ಥಿಗಳೇ ನೀವು ಪಾಠ ಸರಿಯಾಗಿ ಕೇಳಿಲ್ಲ. ಗೋದಿಯ ಗುಂಪಿಗೆ ಸಿಕ್ಕಿದ್ದು ಹುಟ್ಟಿನಿಂದಲೇ ಕೆಟ್ಟ ಹಸುಗಳು ಆಗಿರಬಹುದಲ್ಲ? ತಳಿಯೇ ಸರಿ ಇಲ್ಲ, ರಕ್ತವೇ ಸರಿ ಇಲ್ಲ, ನಸೀಬು ಖೋಟಾ. ಈ ಮಾತನ್ನು ನಾವು ಮನೆಯಲ್ಲಿ ಎಷ್ಟು ಸಲ ಕೇಳಿಲ್ಲ! ವಿಸ್ಕಾನ್ಸಿನ್‌ನವರು ಮಾಡಿದ್ದು ಬಹಳ ಒಳ್ಳೆಯ ಕೆಲಸ. 1910ರಲ್ಲಿ ಮೇವನ್ನು ಅದಲುಬದಲು ಮಾಡಿದರು. ಗೋವಿನಜೋಳ ತಿನ್ನುತ್ತಿದ್ದ ಹಸುಗಳಿಗೆ ಗೋದಿ, ಉಳಿದವಕ್ಕೆ ಗೋವಿನಜೋಳ. ಹಿಂದಿನ ವರ್ಷ ಗಟ್ಟಿ ಕರು ಹಾಕಿದ್ದ ತಾಯಿ ಈಗ ಬಡಕಲು ಕರು ಹಾಕಿತು. ಹಿಂದೆ ಸತ್ತ ಕರು ಹಾಕಿದ್ದವು ಈಗ ಒಳ್ಳೆಯ ಕರು ಹಾಕಿದವು. ಮತ್ತೆ ಹಳೆಯ ಮೇವಿಗೆ ತಿರುಗಿಸಿದಾಗ ಮತ್ತೆ ಹಳೆಯ ಕಥೆಯೇ. ಬಿ.ಎಡ್. ಓದುವಾಗ ನಾವು ಪ್ರಾಯೋಗಿಕ ಗುಂಪು, ನಿಯಂತ್ರಿತ ಗುಂಪು ಅಂತ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆವು. ಈ ಹಸುಗಳ ಕಥೆ ಯಾರಾದರೂ ಹೇಳಿದ್ದರೆ ಬಾಯಿಪಾಠ ಬೇಕಿರಲಿಲ್ಲ.

1911ರಲ್ಲಿ ವರದಿ ಹೊರಬಂತು, ನಾಲ್ವರ ಹೆಸರಿನಲ್ಲಿ. ಹಟ ಹಿಡಿದು ಪ್ರಶ್ನೆ ಎತ್ತಿದ್ದ ಬಾಬ್‌ಕಾಕ್ ಅವರ ಹೆಸರು ಅದರಲ್ಲಿಲ್ಲ. ವರದಿಯಲ್ಲಿ ಇನ್ನೊಂದು ಮುಖ್ಯ ವಿಷಯವೂ ಇಲ್ಲ. ಗೋದಿಯಲ್ಲಿ ಏನು ಇಲ್ಲ, ಗೋವಿನಜೋಳದಲ್ಲಿ ಏನು ಇದೆ ಅನ್ನುವುದಕ್ಕೆ ಉತ್ತರವಿರಲಿಲ್ಲ. ಮೇವು, ರಕ್ತ, ಮೂತ್ರ, ಹಾಲು ಎಲ್ಲವನ್ನೂ ಮೆಕಾಲಮ್ ವಿಶ್ಲೇಷಿಸಿದ್ದರು. ಆಗಿನ ರಸಾಯನಶಾಸ್ತ್ರದ ಜರಡಿಯಲ್ಲಿ ಏನೂ ಉಳಿಯಲಿಲ್ಲ.

ಹಸು ದೊಡ್ಡದು, ನಿಧಾನ, ದುಬಾರಿ. ಒಂದು ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕು. ಬೇಗ ಬೆಳೆದು ಬೇಗ ಮರಿ ಹಾಕುವ ಪ್ರಾಣಿ ಬೇಕು ಅಂತ ಮೆಕಾಲಮ್ ಇಲಿಗಳ ಕಡೆ ತಿರುಗಿದರು. ಕಾಲೇಜಿನ ದೊಡ್ಡವರಿಗೆ ಇದು ಹಿಡಿಸಲಿಲ್ಲ. ರೈತರ ಕಾಳು ತಿನ್ನುವ ಇಲಿಯನ್ನು ರೈತರ ತೆರಿಗೆಯ ದುಡ್ಡಿನಲ್ಲಿ ಸಾಕುವುದೇ? ಅವರು ಕೊಟ್ಟಿಗೆಯ ಇಲಿ ಹಿಡಿದು ನೋಡಿದರು, ಅವು ಕಚ್ಚಿ ಹೈರಾಣ ಮಾಡಿದವು. ಕೊನೆಗೆ ತಮ್ಮ ಕೈಯಿಂದ ದುಡ್ಡು ಹಾಕಿ ಶಿಕಾಗೋದ ಒಬ್ಬ ವ್ಯಾಪಾರಿಯಿಂದ ಬಿಳಿ ಇಲಿಗಳನ್ನು ತಂದರು. ಅವನ್ನು ನೋಡಿಕೊಂಡವರು ಮಾರ್ಗರೀಟ್ ಡೇವಿಸ್ ಅನ್ನುವ ಯುವತಿ, ಅದೂ ಹಲವು ವರ್ಷ ಸಂಬಳವಿಲ್ಲದೆ. 1913ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಲೇಖನದಲ್ಲಿ ಬೆಣ್ಣೆಯಲ್ಲೂ ಮೊಟ್ಟೆಯ ಹಳದಿಯಲ್ಲೂ ಇರುವ, ಹಂದಿಕೊಬ್ಬಿನಲ್ಲಿ ಇಲ್ಲದ ಒಂದು ವಸ್ತುವಿನ ಸುಳಿವು ಇತ್ತು. ಮುಂದೆ ಅದಕ್ಕೇ ವಿಟಮಿನ್ ಎ ಅನ್ನುವ ಹೆಸರು ಬಂತು. ಅದೇ ಹೊತ್ತಿಗೆ ಯೇಲ್‌ನ ಆಸ್ಬಾರ್ನ್ ಮತ್ತು ಮೆಂಡೆಲ್ ಕೂಡ ಅದೇ ಬಾಗಿಲು ತಟ್ಟುತ್ತಿದ್ದರು, ಯಾರು ಮೊದಲು ಅನ್ನುವ ತಕರಾರನ್ನು ಅವರಿಗೇ ಬಿಡೋಣ. 1919ರಲ್ಲಿ ಸ್ಟೀನ್‌ಬಾಕ್ ಇನ್ನೊಂದು ಸಂಗತಿ ತೋರಿಸಿದರು. ಹಳದಿ ಗೋವಿನಜೋಳ ತಿಂದ ಇಲಿ ಬೆಳೆಯುತ್ತದೆ, ಬಿಳಿ ಗೋವಿನಜೋಳ ತಿಂದದ್ದು ಬೆಳೆಯುವುದಿಲ್ಲ. ಆ ಹಳದಿಯ ಜೊತೆ, ಹಸಿರು ಎಲೆಯ ಜೊತೆ ಇರುವ ಕ್ಯಾರೊಟಿನ್ ದೇಹದೊಳಗೆ ಹೋಗಿ ವಿಟಮಿನ್ ಎ ಆಗುತ್ತದೆ ಅನ್ನುವುದು ಅದಾದ ಸುಮಾರು ಹತ್ತು ವರ್ಷಕ್ಕೆ ಖಚಿತವಾಯಿತು. ಒಣಗಿ ಬೆಳ್ಳಗಾದ ಗೋದಿಹುಲ್ಲಿನಲ್ಲಿ ಅದು ಇರಲಿಲ್ಲ. ಸುಣ್ಣದ ಅಂಶವೂ ಅದರಲ್ಲಿ ಕಡಿಮೆ. ಕೋಷ್ಟಕದಲ್ಲಿ ಈ ಎರಡಕ್ಕೂ ಕಾಲಂ ಇರಲಿಲ್ಲ, ಅಷ್ಟೇ.

ವಿಸ್ಕಾನ್ಸಿನ್ ಹಾಲಿನ ನಾಡು. ಮಾಂಸದ ದನಗಳ ಕಥೆ ನಡೆದದ್ದು ಪಶ್ಚಿಮದ ಬಯಲುಗಳಲ್ಲಿ. ಅಲ್ಲಿ ದನಕ್ಕೆ ಕೊಟ್ಟಿಗೆ ಇಲ್ಲ, ಗೋದಲಿ ಇಲ್ಲ. ಸಾವಿರಾರು ಎಕರೆಯಲ್ಲಿ ತಾನಾಗಿ ಮೇಯಬೇಕು. ಅಲ್ಲಿನ ಆದಾಯ ಹಾಲಲ್ಲ, ವರ್ಷಕ್ಕೊಂದು ಕರು. ಕರು ಇಲ್ಲದ ಹಸು ಅಂದರೆ ಒಂದು ವರ್ಷದ ಹುಲ್ಲು ದಂಡ.

ಕ್ಯಾಲಿಫೋರ್ನಿಯಾದಲ್ಲಿ ಮಳೆ ಚಳಿಗಾಲದಲ್ಲಿ ಬೀಳುತ್ತದೆ, ಬೇಸಿಗೆ ಉದ್ದ, ಒಣ. ಬೆಟ್ಟದ ಹುಲ್ಲು ತಿಂಗಳುಗಟ್ಟಲೆ ಹುಲ್ಲಿನ ಬಣ್ಣ ಬಿಟ್ಟು ಕಾಗದದ ಬಣ್ಣಕ್ಕೆ ತಿರುಗುತ್ತದೆ. ಬರ ಬಂದ ವರ್ಷ ಅಲ್ಲಿನ ಹಸುಗಳು ಕಂದು ಹಾಕುತ್ತಿದ್ದವು, ಇಲ್ಲವೇ ಎದ್ದು ನಿಲ್ಲಲಾಗದ ಕರು ಹಾಕುತ್ತಿದ್ದವು, ಮಾಸು ಬೀಳದೆ ನರಳುತ್ತಿದ್ದವು. ಸೋಂಕು ಇರಬೇಕು ಅಂತ ಮೊದಲ ಗುಮಾನಿ, ಯಾಕೆಂದರೆ ದನಗಳಲ್ಲಿ ಕಂದು ಹಾಕಿಸುವ ಸೋಂಕು ನಿಜವಾಗಿಯೂ ಇದೆ. ಡೇವಿಸ್‌ನ ಕೃಷಿ ಕಾಲೇಜಿನ ಜಾರ್ಜ್ ಹಾರ್ಟ್ ಮತ್ತು ಹೆರಾಲ್ಡ್ ಗಿಲ್ಬರ್ಟ್ ಮೇವಿನ ಕಡೆ ನೋಡಿದರು. ಈ ಹಾರ್ಟ್ ಬೇರೆ, ವಿಸ್ಕಾನ್ಸಿನ್‌ನ ಹಾರ್ಟ್ ಬೇರೆ, ಗೊಂದಲ ಬೇಡ. 1933ರಲ್ಲಿ ಅವರು ಪ್ರಕಟಿಸಿದ ವರದಿ ಬಯಲಿನ ದನಗಳ ಸಂತಾನಕ್ಕೂ ವಿಟಮಿನ್ ಎ ಕೊರತೆಗೂ ಇರುವ ನಂಟನ್ನು ಮುಂದಿಟ್ಟಿತು.

ಇದರ ಒಳಗಿನ ಕೆಲಸ ಹೀಗೆ. ಹಸಿರು ಹುಲ್ಲು ಸಿಕ್ಕಾಗ ಹಸು ತನ್ನ ಪಿತ್ತಜನಕಾಂಗದಲ್ಲಿ ವಿಟಮಿನ್ ಎ ಕೂಡಿಟ್ಟುಕೊಳ್ಳುತ್ತದೆ. ಸಾಮಾನ್ಯ ಬೇಸಿಗೆಗೆ ಆ ಗಂಟು ಸಾಕಾಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಮಳೆ ಬರದೇ ಇದ್ದರೆ ಗಂಟು ಕರಗುತ್ತದೆ. ಆಗ ಮೊದಲು ಕೈಕೊಡುವುದು ಕಣ್ಣು. ಹಗಲು ಚೆನ್ನಾಗಿ ಓಡಾಡುವ ಹಸು ಮಬ್ಬುಗತ್ತಲಲ್ಲಿ ಬೇಲಿಗೆ ಡಿಕ್ಕಿ ಹೊಡೆಯುತ್ತದೆ. ಗಿಲ್ಬರ್ಟ್ ಮತ್ತು ಅವರ ಜೊತೆಯವರು ಇದನ್ನೇ ಅಳತೆಗೋಲು ಮಾಡಿಕೊಂಡರು. ದನಗಳನ್ನು ಮಬ್ಬು ಬೆಳಕಿನಲ್ಲಿ ಬಿಟ್ಟು, ಅಡ್ಡ ಇಟ್ಟದ್ದನ್ನು ದಾಟುತ್ತವೋ ಎಡವುತ್ತವೋ ನೋಡಿ, ಎಷ್ಟು ಕ್ಯಾರೊಟಿನ್ ಸಿಕ್ಕರೆ ಎಡವುವುದಿಲ್ಲ ಅಂತ ಲೆಕ್ಕ ಹಾಕಿದರು. ಹಸಿರು ಉಳಿಯುವಂತೆ ಒಣಗಿಸಿದ ಕುದುರೆಮಸಾಲೆ ಸೊಪ್ಪು ಹಾಕಿದರೆ ಕಣ್ಣೂ ಸರಿ, ಕರುವೂ ಸರಿ.

ಇದಕ್ಕೆ ಕನ್ನಡದಲ್ಲಿ ಇರುಳುಗಣ್ಣು ಅಂತಾರೆ, ಉರ್ದುವಿನಲ್ಲಿ ರತೌಂಧಿ. ನಮ್ಮ ನಾನಿ ಹೇಳುತ್ತಿದ್ದರು, ನಾಲ್ಕನೇ ಹೆರಿಗೆಗೆ ಮುಂಚೆ ಮಗ್ರಿಬ್ ಅಜಾನ್ ಆದ ಮೇಲೆ ಅಂಗಳ ದಾಟಲು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ ಅಂತ. ಬಸಿರಲ್ಲಿ ಹಾಗೆಲ್ಲ ಆಗುತ್ತೆ, ಹೆತ್ತ ಮೇಲೆ ಹೋಗುತ್ತೆ ಅನ್ನುವುದು ಮನೆಯವರ ಸಮಾಧಾನ. ಹೋಗುತ್ತದೆ ನಿಜ. ಹೊಟ್ಟೆಯಲ್ಲಿರುವ ಕೂಸು ತಾಯಿಯ ಗಂಟಿನಿಂದ ತನ್ನ ಪಾಲು ತೆಗೆದುಕೊಳ್ಳುತ್ತಿದೆ, ತಾಯಿಗೆ ಸಾಲುತ್ತಿಲ್ಲ ಅನ್ನುವುದರ ಗುರುತು ಅದು ಅಂತ ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ನಾನಿಗೆ ಎಮ್ಮೆಯ ಹಾಲು ಕರೆಯುವುದು ಗೊತ್ತಿತ್ತು. ಕುಡಿಯುವುದು ಮೊದಲು ಗಂಡಸರು, ಆಮೇಲೆ ಮಕ್ಕಳು.

ಈ ವಿಟಮಿನ್ ಭಾರತಕ್ಕೆ ಬಂದ ದಾರಿಯಲ್ಲಿ ಒಂದು ನಿಲ್ದಾಣ ಹೈದರಾಬಾದ್. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಒಂದು ಕೋಣೆಯಲ್ಲಿ ಶುರು ಮಾಡಿದ ಪೌಷ್ಟಿಕಾಂಶ ಸಂಶೋಧನೆ 1958ರಲ್ಲಿ ಹೈದರಾಬಾದಿಗೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕಕ್ಕೆ ಬಂತು. ಈಗ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆ, ಹೈದರಾಬಾದಿನಲ್ಲಿರುವ ನೀವು ತಾರ್ನಾಕಾ ದಾರಿಯಲ್ಲಿ ಅದರ ಬೋರ್ಡು ನೋಡಿರುತ್ತೀರಿ. ಸಿ. ಗೋಪಾಲನ್ ಅವರ ಕಾಲದಲ್ಲಿ ಅಲ್ಲಿ ನಡೆದ ಕೆಲಸದ ಮೇಲೆ 1970ರಲ್ಲಿ ಮಕ್ಕಳ ಕುರುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹನಿ. ಇದರ ಹಿಂದಿನ ತರ್ಕ ಕ್ಯಾಲಿಫೋರ್ನಿಯಾದ ಹಸುವಿನ ಯಕೃತ್ತಿನದೇ. ಒಮ್ಮೆ ತುಂಬಿಸಿದರೆ ದೇಹ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಈಗಲೂ ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಜೊತೆ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರಾರು ತಿಂಗಳಿಗೆ ಎರಡು ಲಕ್ಷ ಯೂನಿಟ್ ಕೊಡುತ್ತಾರೆ. ನಿಮ್ಮ ಮಕ್ಕಳ ಕಾರ್ಡು ತೆಗೆದು ನೋಡಿ, ಆ ಸಾಲು ಅದರಲ್ಲಿ ಇರುತ್ತದೆ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ವಿಟಮಿನ್ ಸಿಕ್ಕ ಮೇಲೂ ಹಸುಗಳು ಗೊಡ್ಡು ಬೀಳುವುದು ನಿಲ್ಲಲಿಲ್ಲ. ಈಗ ನಿಮ್ಮನ್ನು ನೆಬ್ರಾಸ್ಕಾದ ವಾಯವ್ಯ ಮೂಲೆಗೆ ಕರೆದುಕೊಂಡು ಹೋಗಬೇಕು. ಆ ಜಾಗದ ಹೆಸರು ಫೋರ್ಟ್ ರಾಬಿನ್ಸನ್.

ಅದು ಮೊದಲು ಸೈನ್ಯದ ಠಾಣೆ. 1874ರಲ್ಲಿ ಲಕೋಟಾ ಜನರ ಮೇಲೆ ಕಣ್ಣಿಡಲು ಕಟ್ಟಿದ್ದು. ಬಿಳಿಯರು ಕಾಡೆಮ್ಮೆಗಳನ್ನು ಕೊಂದು ಮುಗಿಸುತ್ತಿದ್ದರು, ಅದನ್ನೇ ನಂಬಿ ಬದುಕಿದ್ದ ಜನ ಸರ್ಕಾರ ಹಂಚುವ ದನಗಳಿಗೆ ಕಾಯಬೇಕಾಯಿತು. ಲಕೋಟಾ ನಾಯಕ ಕ್ರೇಜಿ ಹಾರ್ಸ್ 1877ರ ಸೆಪ್ಟೆಂಬರಿನಲ್ಲಿ ಬಯೊನೆಟ್ ತಿವಿತಕ್ಕೆ ಸತ್ತದ್ದು ಇಲ್ಲೇ. ಎರಡು ವರ್ಷವೂ ಕಳೆದಿರಲಿಲ್ಲ, ದಕ್ಷಿಣದ ಮೀಸಲು ಪ್ರದೇಶದಲ್ಲಿ ಹಸಿವು, ಜ್ವರ ತಾಳದೆ ತಮ್ಮ ನಾಡಿಗೆ ವಾಪಸು ನಡೆದು ಬಂದ ಶಯೆನ್ ಜನರಲ್ಲಿ 149 ಮಂದಿಯನ್ನು, ಹೆಂಗಸರು ಮಕ್ಕಳು ಸೇರಿ, ಇಲ್ಲಿನ ಒಂದು ಬ್ಯಾರಕ್ಕಿನಲ್ಲಿ ಕೂಡಿಹಾಕಿದರು. ಮತ್ತೆ ದಕ್ಷಿಣಕ್ಕೆ ಹೋಗಿ ಅಂದರು. ಹೋಗುವುದಿಲ್ಲ ಅಂದರು ಅವರು. 1879ರ ಜನವರಿಯ ಚಳಿಯಲ್ಲಿ ಅವರಿಗೆ ಊಟ ನಿಲ್ಲಿಸಿದರು, ಒಲೆಗೆ ಸೌದೆ ನಿಲ್ಲಿಸಿದರು. ಜನವರಿ 9ರ ರಾತ್ರಿ ಅವರು ಕಿಟಕಿ ಮುರಿದು ಹಿಮದಲ್ಲಿ ಓಡಿದರು. ಆ ರಾತ್ರಿ ಮತ್ತು ಮುಂದಿನ ದಿನಗಳಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಮುಂದೆ ಆ ಠಾಣೆ ಸೈನ್ಯದ ಕುದುರೆಗಳ ಡಿಪೋ ಆಯಿತು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಕೈದಿಗಳ ಶಿಬಿರ ಆಯಿತು. ಕೃಷಿ ಇಲಾಖೆ ಅಲ್ಲಿ ಬೀಫ್ ದನಗಳ ಸಂಶೋಧನಾ ಕೇಂದ್ರ ತೆರೆದದ್ದು 1949ರಲ್ಲಿ. ಅದೇ ನೆಲದಲ್ಲಿ ಜೇಮ್ಸ್ ವಿಲ್ಟ್‌ಬ್ಯಾಂಕ್ ಮತ್ತು ಅವರ ಜೊತೆಯವರು ಹಸಿವನ್ನು ಅಳೆದರು, ಹೆರಿಫೋರ್ಡ್ ತಳಿಯ ಹಸುಗಳ ಹಸಿವನ್ನು. ಆ ಪ್ರಯೋಗದ ಬಗ್ಗೆ ಓದುವಾಗೆಲ್ಲ ನನಗೆ ಆ ಬ್ಯಾರಕ್ಕೇ ನೆನಪಾಗುತ್ತದೆ. ಸಂಶೋಧಕರ ತಪ್ಪು ಇದರಲ್ಲಿ ಇಲ್ಲ, ಆದರೂ ನೆನಪಾಗುತ್ತದೆ.

1962ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನಾಲ್ಕು ಗುಂಪು. ಈಯುವ ಮೊದಲೂ ಆಮೇಲೂ ಹೊಟ್ಟೆ ತುಂಬ ಮೇವು ಸಿಕ್ಕವು ಒಂದು. ಮೊದಲು ಹೆಚ್ಚು, ಆಮೇಲೆ ಕಡಿಮೆ ಸಿಕ್ಕವು ಇನ್ನೊಂದು. ಮೊದಲು ಕಡಿಮೆ, ಆಮೇಲೆ ಹೆಚ್ಚು ಸಿಕ್ಕವು ಮೂರನೆಯದು. ಎರಡೂ ಕಾಲ ಕಡಿಮೆ ಸಿಕ್ಕವು ನಾಲ್ಕನೆಯದು. ಕಡಿಮೆ ಅಂದರೆ ಹೆಚ್ಚಿನದರ ಸುಮಾರು ಅರ್ಧ. ಮತ್ತೆ ಗಬ್ಬವಾದದ್ದು ಎಷ್ಟು? ಮೊದಲ ಗುಂಪಿನಲ್ಲಿ ನೂರಕ್ಕೆ 95. ಎರಡನೆಯದರಲ್ಲಿ 77. ಮೂರನೆಯದರಲ್ಲಿ 95, ಆದರೆ ಬೆದೆಗೆ ಬರಲು ತಡ ಮಾಡಿದವು. ನಾಲ್ಕನೆಯದರಲ್ಲಿ 20.

ನೂರಕ್ಕೆ ಇಪ್ಪತ್ತು. ಹೋರಿ ಅದೇ, ತಳಿ ಅದೇ, ಆಕಾಶ ಅದೇ.

ತಡ ಆದರೆ ಏನು ನಷ್ಟ ಅಂತ ಕೇಳಬೇಡಿ, ಒಂದು ಸಣ್ಣ ಲೆಕ್ಕ ಮಾಡಿ. ಹಸು ಗಬ್ಬ ಹೊರುವುದು ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕಾದರೆ 365ರಲ್ಲಿ 283 ಕಳೆದು ಉಳಿಯುವ 82 ದಿನದೊಳಗೆ ಅದು ಮತ್ತೆ ಗಬ್ಬವಾಗಬೇಕು. ಆ 82 ದಿನಗಳಲ್ಲೇ ಗರ್ಭಕೋಶ ಮೊದಲಿನಂತಾಗಬೇಕು, ಕರುವಿಗೆ ಹಾಲು ಕೊಡಬೇಕು, ಬೆದೆಗೂ ಬರಬೇಕು. ದೇಹಕ್ಕೆ ಬರುವ ಮೇವು ಕಡಿಮೆಯಾದರೆ ದೇಹ ತನ್ನದೇ ಪಂಕ್ತಿಯಲ್ಲಿ ಬಡಿಸುತ್ತದೆ. ಮೊದಲು ತನ್ನ ಉಸಿರು, ರಕ್ತ, ನಡಿಗೆ. ಆಮೇಲೆ ಈಗಾಗಲೇ ಹುಟ್ಟಿರುವ ಕರುವಿನ ಹಾಲು. ಇನ್ನೂ ಹುಟ್ಟದ ಕರು ಪಂಕ್ತಿಯ ಕೊನೆಯಲ್ಲಿ ಕೂತಿರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಪಾತ್ರೆ ಖಾಲಿ. ಮೆದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಹಾರ್ಮೋನಿನ ಮಿಡಿತ ನಿಧಾನವಾಗುತ್ತದೆ, ಅಂಡ ಬಲಿಯುವುದಿಲ್ಲ, ಬೆದೆ ಕಾಣುವುದಿಲ್ಲ. ಹಸುವಿನ ದೇಹ ಮಾಡುತ್ತಿರುವುದು ಸರಿಯಾದ ಹಿಸಾಬು, ನಾವು ಅದಕ್ಕೆ ಇಟ್ಟಿರುವ ಹೆಸರು ಗೊಡ್ಡು. ನಮ್ಮ ಕಡೆ ಎರಡು ವರ್ಷಕ್ಕೊಂದು ಕರು ಹಾಕುವ ಹಸು ಅಪರೂಪವಲ್ಲ. ಅದನ್ನು ಬೈಯುವವರು ಏಪ್ರಿಲ್ ಮೇ ತಿಂಗಳಲ್ಲಿ ಅದರ ಗೋದಲಿಯಲ್ಲಿ ಏನಿತ್ತು ಅಂತ ನೋಡಿದ್ದರೆ ಚೆನ್ನಾಗಿತ್ತು.

ಫೋರ್ಟ್ ರಾಬಿನ್ಸನ್‌ನ ಕೇಂದ್ರ 1970ರ ದಶಕದ ಆರಂಭದಲ್ಲಿ ಮುಚ್ಚಿತು, ಕೆಲಸ ಅದೇ ರಾಜ್ಯದ ಕ್ಲೇ ಸೆಂಟರ್‌ನ ದೊಡ್ಡ ಸಂಸ್ಥೆಗೆ ಹೋಯಿತು. ಕೋಟೆ ಈಗ ಉದ್ಯಾನ, ಪ್ರವಾಸಿಗರು ಬರುತ್ತಾರೆ. ಆ ಪ್ರಯೋಗಗಳ ನಂತರ ರೂಢಿಗೆ ಬಂದ ಒಂದು ಪದ್ಧತಿ ಮಾತ್ರ ಇವತ್ತಿಗೂ ದಿನನಿತ್ಯ ಬಳಕೆಯಲ್ಲಿದೆ. ಬೀಫ್ ಹಸುವಿನ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ತಕ್ಕಡಿ ಬೇಡ. ಪಕ್ಕೆಲುಬು ಎಷ್ಟು ಎಣಿಸಲಾಗುತ್ತದೆ, ಬೆನ್ನುಮೂಳೆ ಎಷ್ಟು ಎದ್ದಿದೆ, ಬಾಲದ ಬುಡದಲ್ಲಿ ಕೊಬ್ಬು ಕೈಗೆ ಸಿಗುತ್ತದೋ ಇಲ್ಲವೋ ನೋಡಿದರೆ ಸಾಕು. ಈಯುವಾಗ ಅಂಕ 5 ಅಥವಾ 6 ಇದ್ದರೆ ಮತ್ತೆ ಬೇಗ ಗಬ್ಬ ನಿಲ್ಲುತ್ತದೆ. 4ಕ್ಕಿಂತ ಕೆಳಗಿದ್ದರೆ ಕಾಯಬೇಕು.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನಮ್ಮ ನಾನಾ ಇಂಡಿ ಕಡೆಯ ಸಂತೆಗಳಲ್ಲಿ ದನದ ವ್ಯಾಪಾರ ಮಾಡುತ್ತಿದ್ದವರು. ಶಾಲೆ ಕಂಡವರಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವ ಮೊದಲು ಅವರ ಕೈ ಹೋಗುತ್ತಿದ್ದದ್ದು ಹಸುವಿನ ಪಕ್ಕೆಗೆ, ಆಮೇಲೆ ಬಾಲದ ಬುಡಕ್ಕೆ. ಒಮ್ಮೆ ರಜೆಯಲ್ಲಿ ನಾನೂ ಜೊತೆಗಿದ್ದೆ. ಗಿರಾಕಿಯೊಬ್ಬ ಒಂದು ಬಡಕಲು ಖಿಲಾರಿ ಹಸು ನೋಡಿ ಗೊಡ್ಡೇನ್ರೀ ಸಾಬರ ಅಂತ ಕೇಳಿದ. ನಾನಾ ಅದರ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಹೇಳಿದರು, "ಗೊಡ್ಡಲ್ಲೋ ತಮ್ಮಾ, ಹಸದೈತಿ. ಎರಡು ತಿಂಗಳ ಹಸಿ ಮೇವು, ಹಿಂಡಿ ಹಾಕಿ ನೋಡು."

ಆತ ಕೊಳ್ಳಲಿಲ್ಲ. ಸಂಜೆ ನಾನಾ ಅದೇ ಹಸುವನ್ನು ಮನೆಗೆ ಹೊಡೆದುಕೊಂಡು ಬಂದರು. ಬಾಗಿಲಲ್ಲಿ ನಿಂತಿದ್ದ ನಾನಿ ಮೊದಲು ಹಸುವನ್ನು ನೋಡಿದರು, ಆಮೇಲೆ ಅವರನ್ನು. ಹಿಂಡಿಗೆ ರೊಕ್ಕ ಯಾರು ಕೊಡ್ತಾರೆ ಅಂತ ಕೇಳಿದರು.